ಅವರೆಕಾಳಿನ ತಲೆಗೆ ಕಟ್ಟಿದ ಎದೆನೋವು

ಆಸ್ಪತ್ರೆಯ ಒಟ್ಟು ಬಿಲ್ಲು ಎರಡು ಲಕ್ಷದ ಅರವತ್ತು ಸಾವಿರ ಚಿಲ್ಲರೆ. ವಿಮೆಯವರು ಕೊಟ್ಟದ್ದು ಕಳೆದು ನನ್ನ ಕೈಯಿಂದ ಬಿದ್ದದ್ದು ತೊಂಬತ್ತು ಸಾವಿರದ ಹತ್ತಿರ. ಯಾಕೆ ಅಂದರೆ, ನನ್ನ ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಒಂದು ಮಿತಿ ಇತ್ತು. ಹೆಂಡತಿಗೆ ಮಲಗಲು ಸೋಫಾ ಇರಲಿ ಅಂತ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ರೂಮು ಹಿಡಿದೆ. ಬಾಡಿಗೆಯ ವ್ಯತ್ಯಾಸ ಕೈಯಿಂದ ಕಟ್ಟಿದರಾಯಿತು ಅಂದುಕೊಂಡಿದ್ದೆ. ರೂಮು ಮಿತಿ ಮೀರಿದರೆ ಡಾಕ್ಟರ ಫೀಸು, ನರ್ಸುಗಳ ಚಾರ್ಜು ಎಲ್ಲಕ್ಕೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ ಎಂಬುದು ಮನೆಗೆ ಹೊರಡುವ ದಿನ ಗೊತ್ತಾಯಿತು. ನಿಮ್ಮ ಪಾಲಿಸಿಯಲ್ಲಿ ಈ ಷರತ್ತು ಇದೆಯೋ ಇಲ್ಲವೋ ಇವತ್ತೇ ನೋಡಿಕೊಳ್ಳಿ. ದುಡ್ಡಿನ ಮಾತು ಇಲ್ಲಿಗೆ ಸಾಕು. ಹೋದ ದುಡ್ಡನ್ನು ದುಡಿಯಬಹುದು. ಆ ಭಾನುವಾರ ನನ್ನ ಪ್ರಾಣ ಹೋಗುವುದರಲ್ಲಿತ್ತು, ಅದೂ ನನಗೆ ಗೊತ್ತೇ ಆಗದೆ.

ಚಾಮರಾಜಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ. ಯಾರೂ ಇಟ್ಟುಕೊಟ್ಟದ್ದಲ್ಲ. ಮೀಸೆ ಮೂಡುವ ಮೊದಲೇ ತಲೆಯ ಮೇಲೆ ಕುಕ್ಕೆ ಹೊತ್ತು ಬಸವನಗುಡಿ, ತ್ಯಾಗರಾಜನಗರ, ಮಾವಳ್ಳಿಯ ಬೀದಿಗಳಲ್ಲಿ ‘ಹಳೇ ಸೀರೆಗೆ ಪಾತ್ರೇ’ ಎಂದು ಕೂಗಿಕೊಂಡು ತಿರುಗಿದವನು ನಾನು. ಆ ಬೀದಿಗಳ ಹೆಂಗಸರೇ ನನಗೆ ವ್ಯಾಪಾರ ಕಲಿಸಿದ ಗುರುಗಳು. ಜರಿ ಸೀರೆಯ ಅಂಚನ್ನು ಸ್ವಲ್ಪ ಆಸೆಯಿಂದ ಮುಟ್ಟಿದೆನೋ, ಒಂದು ಡಬ್ಬಿಗೆ ಒಪ್ಪಿದ್ದವರು ಟಿಫನ್ ಕ್ಯಾರಿಯರನ್ನೂ ಸೇರಿಸಿ ಕೇಳುತ್ತಿದ್ದರು. ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು, ಕಂಡರೆ ರೇಟು ಏರುತ್ತದೆ. ಈ ಒಂದು ಪಾಠದ ಮೇಲೆ ಅಂಗಡಿ ಕಟ್ಟಿದೆ, ಮನೆ ಕಟ್ಟಿದೆ, ಇಬ್ಬರು ಮಕ್ಕಳ ಮದುವೆ ಮಾಡಿದೆ. ಅದು ಎಲ್ಲ ಕಡೆಯೂ ನಡೆಯುತ್ತದೆ ಅಂತ ನಂಬಿದ್ದೆ.

ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಹಿತಕಿದಬೇಳೆ ಸಾರು. ಧನುರ್ಮಾಸ ಕಳೆದ ಮೇಲಿನ ಮದುವೆಗಳಿಗೆ ಜನ ಈಗಲೇ ಪಾತ್ರೆ ಹೇಳಿ ಹೋಗುತ್ತಾರೆ, ಹಾಗಾಗಿ ಭಾನುವಾರವೂ ಅಂಗಡಿ ತೆರೆದಿದ್ದೆ. ಅವತ್ತು ಬೆಳಿಗ್ಗೆ ಬಸವನಗುಡಿಯ ಹಿರಿಯ ಹೆಂಗಸೊಬ್ಬರು ಮೊಮ್ಮಗನ ಮದುವೆಗೆ ಬಂದವರಿಗೆಲ್ಲ ಕೊಡಲು ಕುಂಕುಮದ ಬಟ್ಟಲು ಕೇಳಿಕೊಂಡು ಬಂದರು. ಮುನ್ನೂರು ಬಟ್ಟಲು, ಪ್ರತಿಯೊಂದರ ಮೇಲೂ ಗಂಡು ಹೆಣ್ಣಿನ ಹೆಸರು ಕೆತ್ತಿಸಿ ಕೊಡಬೇಕು.

“ಮೂವತ್ತೆರಡಾ? ಪೇಟೇಲಿ ಇಪ್ಪತ್ತಾರಕ್ಕೆ ಕೊಡ್ತಾರಪ್ಪ.”

“ಪೇಟೇದು ತಗಡು ಅಮ್ಮ, ಹೆಸರು ಕೆತ್ತಿದ್ರೆ ತೂತೇ ಬೀಳುತ್ತೆ. ಇದು ನಿಮ್ಮ ಮರಿಮಕ್ಕಳ ಮದುವೆಗೂ ಬರುತ್ತೆ.”

“ಅಲ್ಲೀವರೆಗೆ ನಾನಿರ್ತೀನಾ, ನೀನಿರ್ತೀಯಾ? ಈಗಿನ ರೇಟು ಹೇಳು.”

ಆ ಹೊತ್ತಿಗೆ ಎದೆಗೂಡಿನ ಕೆಳಗೆ, ಹೊಟ್ಟೆ ಶುರುವಾಗುವ ಜಾಗದಲ್ಲಿ, ಒಂದು ಉರಿ ಎದ್ದಿತು. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳುವಂಥದ್ದೇನೂ ಅಲ್ಲ. ಬಿಸಿ ಪಾತ್ರೆಯೊಂದನ್ನು ಯಾರೋ ಒಳಗೆ ಇಟ್ಟು ಮರೆತ ಹಾಗೆ. ಹೊರಗೆ ಜನ ಸ್ವೆಟರು ಹಾಕಿಕೊಂಡು ಓಡಾಡುತ್ತಿದ್ದರು, ನನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಯಾಕಪ್ಪ ಹೀಗೆ ಬೆವರ್ತಿದೀಯ? ಆರು ರೂಪಾಯಿ ಬಿಡು ಅಂದಿದ್ದಕ್ಕಾ?” ಎಂದರು ಆಕೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

“ಏನಿಲ್ಲಮ್ಮ, ಗ್ಯಾಸು. ರಾತ್ರಿ ಹಿತಕಿದಬೇಳೆ ಸ್ವಲ್ಪ ಜಾಸ್ತಿ ಆಯ್ತು.”

“ಇಂಗು ಹಾಕಿರ್ಲಿಲ್ವಾ? ಇಂಗಿಲ್ದೆ ಅವರೆಕಾಳು ತಿಂದ್ರೆ ಇನ್ನೇನಾಗುತ್ತೆ?” ಆಕೆ ರೇಟು ಮರೆತು ಗಲ್ಲಾದಲ್ಲಿ ಕೂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ ಇಂಗಿನ ಪಾಠಕ್ಕೆ ನಿಂತರು.

ನಮ್ಮ ಊರಿನಲ್ಲಿ ಗ್ಯಾಸು ಎಂಬ ಒಂದು ಮಾತು ಎಷ್ಟು ಭಾರ ಹೊರುತ್ತದೆ ನೋಡಿ. ತಲೆನೋವು ಬಂದರೆ ಗ್ಯಾಸು, ಬೆನ್ನು ಹಿಡಿದರೆ ಗ್ಯಾಸು, ಎದೆ ನೋವಂತೂ ಗ್ಯಾಸೇ. ಅದರಲ್ಲೂ ಅವರೆಕಾಯಿ ಕಾಲದಲ್ಲಿ ಬೇರೆ ಕಾರಣ ಹುಡುಕುವವರೇ ಇಲ್ಲ. ಪಕ್ಕದ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನು ಉಪ್ಪು, ನಿಂಬೆಹಣ್ಣು ಹಾಕಿದ ಸೋಡಾ ತಂದುಕೊಟ್ಟ.

“ಒಂದು ತೇಗು ಬರ್ಲಿ ಗುರು, ಎಲ್ಲ ಸರಿಹೋಗುತ್ತೆ.”

ತೇಗು ಬಂತು. ಸೋಡಾ ಕುಡಿದರೆ ಯಾರಿಗೆ ಬರುವುದಿಲ್ಲ? ಆದರೆ ಅವನು “ನಾನು ಹೇಳಿರ್ಲಿಲ್ವಾ” ಅಂದ, ನನಗೂ ನಂಬಿಕೆ ಕೂತಿತು. ಬಟ್ಟಲಿನ ವ್ಯಾಪಾರವನ್ನು ಇಪ್ಪತ್ತೊಂಬತ್ತಕ್ಕೆ ಮುಗಿಸಿ ಮುಂಗಡ ತೆಗೆದುಕೊಂಡೆ. ತೋರಿಸಲು ಇಳಿಸಿದ್ದ ಪಾತ್ರೆಗಳನ್ನು ಮೇಲಿನ ಅಟ್ಟಕ್ಕೆ ಇಡಲು ಹೋದರೆ ಎಡಗೈ ಭುಜದ ಮೇಲಕ್ಕೆ ಏಳಲಿಲ್ಲ. ಬಲಗೈಯಲ್ಲೇ ಇಟ್ಟೆ. ಅದನ್ನು ನನ್ನ ಹೆಂಡತಿ ನೋಡಿಬಿಟ್ಟಳು.

“ನಡೀರಿ, ಡಾಕ್ಟ್ರ ಹತ್ರ ಹೋಗೋಣ.”

“ಗ್ಯಾಸಿಗೆ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರೇನೇ?”

“ನಾನು ಹೋಗ್ತೀನಿ. ನೀವು ಜೊತೆಗೆ ಬನ್ನಿ.”

ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ ಆಟೋ ಹತ್ತಿದೆವು. ಹೋದದ್ದು ನಮ್ಮ ಮನೆಯ ಹತ್ತಿರದ ನರ್ಸಿಂಗ್ ಹೋಮಿಗೆ. ನನ್ನ ಇಬ್ಬರು ಮಕ್ಕಳೂ ಹುಟ್ಟಿದ್ದು ಅಲ್ಲೇ. ಹೊರಗೆ ದೊಡ್ಡ ಬೋರ್ಡು, ಇಪ್ಪತ್ತನಾಲ್ಕು ಗಂಟೆ ತುರ್ತು ಸೇವೆ ಎಂದು ಕೆಂಪಕ್ಷರ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ ಏನು ತೊಂದರೆ ಎಂದು ಕೇಳಿದಳು.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಎದೆ ಅಂದರೆ ಐಸಿಯುಗೆ ಹಾಕುತ್ತಾರೆ, ಮೀಟರು ಓಡಲು ಶುರುವಾಗುತ್ತದೆ. ನಮಗೆ ಅಂಥ ಅವಸರವೇನೂ ಇಲ್ಲ ಅಂತ ಕಾಣಿಸಬೇಕು. ಬೀದಿಯಲ್ಲಿ ಜರಿ ಸೀರೆಯ ಮುಂದೆ ಕೂತಾಗಿನ ಮುಖವನ್ನೇ ಹಾಕಿಕೊಂಡೆ.

“ಏನಿಲ್ಲಮ್ಮ, ಸ್ವಲ್ಪ ಗ್ಯಾಸು. ಒಂದು ಇಂಜೆಕ್ಷನ್ ಹಾಕಿ ಕಳಿಸಿದ್ರೆ ಸಾಕು.”

“ಹಾಗಾದ್ರೆ ಕೂತ್ಕೊಳಿ ಸರ್. ಡಾಕ್ಟ್ರು ಮೇಲೆ ರೌಂಡ್ಸಲ್ಲಿದಾರೆ, ನಿಮಗಿಂತ ಮುಂಚೆ ಬಂದೋರಿದಾರೆ.”

ಅವಳದೇನೂ ತಪ್ಪಿಲ್ಲ. ನಾನು ಹೇಳಿದ ರೇಟಿಗೆ ಅವಳು ಒಪ್ಪಿಕೊಂಡಳು, ಅಷ್ಟೇ. ಕುರ್ಚಿಯಲ್ಲಿ ಕೂತೆ. ಉರಿ ಗಂಟಲಿಗೆ ಏರಿ ದವಡೆಗೆ ಬಂತು. ನಮ್ಮ ನಂತರ ಬಂದ ಒಬ್ಬ ಗಂಡಸು, ಕಾರಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಿದ್ದವನು, ಬಾಗಿಲಿನಿಂದಲೇ ‘ಅಯ್ಯೋ ಸತ್ತೆ’ ಎಂದು ಬೊಬ್ಬೆ ಹಾಕಿದ. ಅವನನ್ನು ನೇರವಾಗಿ ಒಳಗೆ ಕರೆದುಕೊಂಡು ಹೋದರು. ಎಂಥ ಹೇಡಿ ಎಂದು ಮನಸ್ಸಿನಲ್ಲೇ ನಕ್ಕೆ ನಾನು, ನನ್ನ ಹೃದಯದ ಒಂದು ತುಂಡು ಸಾಯುತ್ತಿದ್ದಾಗ.

ನನ್ನ ಹೆಂಡತಿ ನಗಲಿಲ್ಲ. ನನ್ನ ಬೆನ್ನಿನ ಮೇಲೆ ಕೈಯಿಟ್ಟು ನೋಡಿದಳು, ಎದ್ದು ಕೌಂಟರಿಗೆ ಹೋದಳು. ಅವಳ ದನಿ ಏರಲೂ ಇಲ್ಲ.

“ನೋಡಮ್ಮ, ನಮ್ಮೆಜಮಾನ್ರು ವ್ಯಾಪಾರಸ್ಥರು. ಅವರು ಹೇಳಿದ ಮೊದಲನೇ ರೇಟು ನಂಬಬೇಡ. ಗ್ಯಾಸು ಅಂದಿದ್ದು ಸುಳ್ಳು. ಈ ಚಳೀಲಿ ಬನೀನು ಹಿಂಡೋ ಹಾಗಿದೆ, ಎಡಗೈ ಮೇಲಕ್ಕೆ ಏಳ್ತಿಲ್ಲ, ಆಗ್ಲಿಂದ ದವಡೆ ಒತ್ಕೋತಿದಾರೆ.”

ಮಾತು ಮುಗಿಯುವ ಮೊದಲೇ ಹುಡುಗಿ ಎದ್ದು ನಿಂತಿದ್ದಳು. ಗಾಲಿ ಕುರ್ಚಿ ಬಂತು. ನಡೆದೇ ಬರುತ್ತೇನೆ ಅಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಅಂಗಿ ಬಿಚ್ಚಿಸಿ ಎದೆಗೆ ತಣ್ಣನೆಯ ಅಂಟು ಹಚ್ಚಿ ಇಸಿಜಿ ತೆಗೆದರು. ನನ್ನ ಮಗನ ವಯಸ್ಸಿನ ಡಾಕ್ಟರು ಆ ಕಾಗದದ ಪಟ್ಟಿಯನ್ನು ನೋಡಿದರು. ಗಿರಾಕಿಯ ಹುಬ್ಬು ಒಂದು ಎಳೆ ಕದಲಿದರೂ ಓದಬಲ್ಲವನು ನಾನು. ಅವರು ಮುಖ ಕದಲದಂತೆ ಹಿಡಿದುಕೊಳ್ಳುತ್ತಿದ್ದಾರೆ ಎಂದು ಕಂಡಿತು. ಆಗ ಮೊದಲ ಸಲ ಹೆದರಿದೆ.

“ಸರ್, ನಿಮಗೆ ಹಾರ್ಟ್ ಅಟ್ಯಾಕ್ ಆಗ್ತಿದೆ.”

“ಆಗಿದೆಯಾ?”

“ಆಗಿದೆ ಅಲ್ಲ ಸರ್, ಆಗ್ತಾ ಇದೆ. ಈಗ, ಇಲ್ಲಿ ಮಾತಾಡ್ತಿದೀವಲ್ಲ, ಈಗ.”

ಆ ‘ಆಗ್ತಾ ಇದೆ’ ಎಂಬ ಮಾತು ನನ್ನನ್ನು ಹೊಡೆದ ಹಾಗೆ ಬೇರೆ ಯಾವುದೂ ಹೊಡೆದಿಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಸಿಡಿಲಿನ ಹಾಗೆ ಬಂದು ಹೋಗುವುದು ಅಂತ ತಿಳಿದಿದ್ದೆ. ನೋಡಿದರೆ ಅದು ಬೆಳಗಿನಿಂದ ಅಂಗಡಿಯಲ್ಲಿ ನನ್ನ ಜೊತೆಗೇ ಕೂತಿತ್ತು. ಅದರ ಎದುರಿಗೇ ಚೌಕಾಸಿ ಮಾಡಿದ್ದೆ, ಸೋಡಾ ಕುಡಿದಿದ್ದೆ, ತೇಗಿದ್ದೆ.

ಅಗಿಯಲು ಮಾತ್ರೆಗಳನ್ನು ಕೊಟ್ಟರು. “ಸರಿ ಡಾಕ್ಟ್ರೇ, ಏನು ಮಾಡ್ಬೇಕೋ ಮಾಡಿ, ದುಡ್ಡಿನ ಮುಖ ನೋಡಬೇಡಿ” ಅಂದೆ. ನನ್ನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು.

“ಇಲ್ಲಿ ಆಗಲ್ಲ ಸರ್. ನಮ್ಮಲ್ಲಿ ಕ್ಯಾತ್ ಲ್ಯಾಬ್ ಇಲ್ಲ.”

ಹೃದಯದ ರಕ್ತನಾಳಕ್ಕೆ ತಂತಿ ತೂರಿಸಿ ಮುಚ್ಚಿದ್ದನ್ನು ತೆರೆಯುವ ಕೋಣೆಗೆ ಹಾಗೆನ್ನುತ್ತಾರಂತೆ. ಇಷ್ಟು ವರ್ಷ ದಿನಾ ಆ ಕೆಂಪಕ್ಷರದ ಬೋರ್ಡಿನ ಮುಂದೆ ಓಡಾಡಿದವನು ನಾನು. ಒಂದು ಸೌಟು ಕೊಳ್ಳುವಾಗಲೂ ತಿರುಗಿಸಿ ತಳ ನೋಡುವವನು, ಒಳಗೆ ಏನಿದೆ ಏನಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ಡಾಕ್ಟರು ಫೋನು ಹಿಡಿದರು. ಮೊದಲು ಕೇಳಿದ ದೊಡ್ಡ ಆಸ್ಪತ್ರೆಯಲ್ಲಿ ಕೋಣೆ ಇತ್ತು, ಭಾನುವಾರವಾದ್ದರಿಂದ ಅದನ್ನು ನಡೆಸುವವರು ಮನೆಯಲ್ಲಿದ್ದರು. ಕರೆಸುತ್ತೇವೆ, ಒಂದು ಗಂಟೆ ಆಗಬಹುದು ಅಂದರಂತೆ. ಡಾಕ್ಟರು ಆ ಫೋನನ್ನು ಅಲ್ಲೇ ಇಟ್ಟು ಇನ್ನೊಂದು ಆಸ್ಪತ್ರೆಗೆ ಮಾಡಿದರು. ಅಲ್ಲಿ ಜನ ಇದ್ದರು. ಯಂತ್ರ ಇದ್ದರೂ ಜನ ಇರಬೇಕಲ್ಲ ಎಂಬುದು ನನಗೆ ಹೊಳೆದದ್ದು ಸ್ಟ್ರೆಚರಿನ ಮೇಲೆ ಮಲಗಿದ ಮೇಲೆ.

ಆಂಬುಲೆನ್ಸು ಗಾಂಧಿ ಬಜಾರಿನ ಹತ್ತಿರ ಬಂದಾಗ ಹೂವಿನ ವ್ಯಾಪಾರಿಗಳು ‘ಸರೀರಿ, ಸರೀರಿ’ ಎಂದು ಜನರನ್ನು ಪಕ್ಕಕ್ಕೆ ಕಳಿಸುತ್ತಿದ್ದುದು ಕೇಳಿಸಿತು. ಸಾವಿರ ಸಲ ನಾನೂ ಹಾಗೇ ಸರಿದು ನಿಂತು, ಪಾಪ ಯಾರೋ ಏನೋ ಅಂದುಕೊಂಡವನು.

“ಹೋಗ್ಬಿಡ್ತೀನೇನೇ?” ಎಂದೆ ಹೆಂಡತಿಗೆ.

“ಮುಂಗಡ ಇಸ್ಕೊಂಡಿದೀರ, ಮುನ್ನೂರು ಬಟ್ಟಲಿಗೆ ಹೆಸರು ಕೆತ್ತಿಸೋದಿದೆ. ಹಾಗೆಲ್ಲ ಹೋಗೋಕಾಗಲ್ಲ” ಎಂದಳು.

ಆ ಎರಡನೆಯ ಆಸ್ಪತ್ರೆಯಲ್ಲಿ ಯಾರೂ ಕೂರಿಸಲಿಲ್ಲ. ಅವಳು ನಡೆಯುತ್ತಲೇ ಸಹಿ ಹಾಕಿದಳು, ನನ್ನನ್ನು ಒಳಗೆ ತಳ್ಳಿದರು. ಮಣಿಕಟ್ಟಿನಿಂದ ತಂತಿ ಹೋಯಿತು. ನನಗೆ ಎಚ್ಚರವಿತ್ತು, ಪಕ್ಕದ ಪರದೆಯಲ್ಲಿ ನನ್ನದೇ ಹೃದಯ ಬಡಿದುಕೊಳ್ಳುತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿದ್ದ ಡಾಕ್ಟರು, “ಒಂದು ಪೂರ್ತಿ ಮುಚ್ಚಿದೆ, ಇನ್ನೊಂದು ಅರ್ಧ ಮುಚ್ಚಿದೆ” ಎಂದರು.

ನನ್ನ ಬಾಯಿಗೆ ಏನಾಯಿತೋ ಗೊತ್ತಿಲ್ಲ. “ಎರಡಕ್ಕೂ ಒಟ್ಟಿಗೆ ಸ್ಟೆಂಟ್ ಹಾಕಿದ್ರೆ ಏನಾದ್ರೂ ನೋಡ್ಕೊಂಡು ಮಾಡ್ತೀರಾ?” ಎಂದೆ.

ನರ್ಸು ನಕ್ಕದ್ದು ಕೇಳಿಸಿತು. ಡಾಕ್ಟರು ಕೈ ನಿಲ್ಲಿಸದೆ ಹೇಳಿದರು: “ಇವತ್ತಿಗೆ ಒಂದೇ ಸಾಕು ಸರ್. ಅದಕ್ಕೆ ಇಷ್ಟರ ಮೇಲೆ ತಗೋಬಾರ್ದು ಅಂತ ಸರ್ಕಾರವೇ ಮಿತಿ ಹಾಕಿದೆ, ನನ್ನ ಹತ್ರ ಚೌಕಾಸಿ ಬೇಡ. ಅಲ್ಲಾಡದೆ ಮಲಕ್ಕೊಳಿ.”

ನಾಳ ತೆರೆದುಕೊಂಡಿತು. ಬೆಳಗಿನಿಂದ ಇದ್ದ ಉರಿ ಒಲೆ ಆರಿಸಿದ ಹಾಗೆ ಇಳಿದುಹೋಯಿತು. ಅದು ಅವರೆಕಾಳಿನದಲ್ಲ ಎಂದು ದೇಹಕ್ಕೆ ಖಾತ್ರಿಯಾದದ್ದು ಆಗಲೇ. ಮಾರನೆಯ ದಿನ ಡಾಕ್ಟರು ಬಂದು ಹೃದಯದ ಕೆಳಭಾಗದ ಸ್ನಾಯು ಸ್ವಲ್ಪ ಸತ್ತಿದೆ, ಅದು ಮತ್ತೆ ಬರುವುದಿಲ್ಲ ಎಂದರು. ಸೋಡಾಕ್ಕೆ, ಕುರ್ಚಿಗೆ, ನನ್ನ ಬಿಂಕಕ್ಕೆ ಕೊಟ್ಟ ಭಾಗ ಅದು. ಈಗ ಅಂಗಡಿಯಲ್ಲಿ ಏಣಿ ಹತ್ತುವುದು ನನ್ನ ಹೆಂಡತಿ, ನಾನು ಕೆಳಗೆ ನಿಂತು ಏಣಿ ಹಿಡಿಯುತ್ತೇನೆ.

ನಿಮಗೆ ಹೇಳುವುದು ಇಷ್ಟು. ಆಸ್ಪತ್ರೆಯ ಕೌಂಟರಿನಲ್ಲಿ ಕಾಯಿಲೆಯ ಹೆಸರನ್ನು ನೀವು ಹೇಳಬೇಡಿ, ಅದನ್ನು ಹುಡುಕಲು ಅವರಿದ್ದಾರೆ. ಎಲ್ಲಿ ಉರಿ, ಎಲ್ಲಿ ಭಾರ, ಬೆವರು ಬಂತೇ, ಎಷ್ಟು ಹೊತ್ತಿನಿಂದ, ಇದನ್ನು ಹೇಳಿ, ಎಲ್ಲಕ್ಕಿಂತ ಕೆಟ್ಟದ್ದನ್ನು ಮೊದಲು ಹೇಳಿ. ‘ಎದೆ’ ಎಂಬ ಪದ ಬಾಯಿಗೆ ಬಂದರೆ ನುಂಗಿಕೊಳ್ಳಬೇಡಿ. ಸುಮ್ಮನೆ ತೆಗೆದ ಇಸಿಜಿಯಿಂದ ಯಾರೂ ದಿವಾಳಿಯಾಗಿಲ್ಲ. ಸಂಕೋಚದ ಗಂಡಸರು ಒಬ್ಬರೇ ಹೋಗಬೇಡಿ, ನಿಮ್ಮ ಸುಳ್ಳು ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಟೋದಲ್ಲಿ ಹೋದದ್ದೂ ತಪ್ಪೇ ಅಂತ ಡಾಕ್ಟರು ಆಮೇಲೆ ಬೈದರು, ಆಂಬುಲೆನ್ಸ್ ಕರೆಸಬೇಕಿತ್ತಂತೆ.

ಇನ್ನೊಂದು ಕೆಲಸವನ್ನು ಮೈ ನೆಟ್ಟಗಿರುವಾಗಲೇ ಮಾಡಿ. ಮನೆಯ ಸುತ್ತಲಿನ ಆಸ್ಪತ್ರೆಗಳಿಗೆ ಒಮ್ಮೆ ಹೋಗಿ, ಕ್ಯಾತ್ ಲ್ಯಾಬ್ ಇದೆಯಾ, ಭಾನುವಾರವೂ ಹಬ್ಬದ ದಿನವೂ ಅದನ್ನು ನಡೆಸುವವರು ಒಳಗೇ ಇರುತ್ತಾರಾ ಎಂದು ಕೇಳಿ. ಫೋನಿನಲ್ಲಿ ಕೇಳಿದರೆ ‘ಎಲ್ಲ ಇದೆ ಬನ್ನಿ ಸರ್’ ಅನ್ನುತ್ತಾರೆ. ಖುದ್ದಾಗಿ ಹೋಗಿ, ಎದುರಿಗೆ ನಿಂತು ಕೇಳಿ. ಸಾಧ್ಯವಾದರೆ ಭಾನುವಾರವೇ ಹೋಗಿ.