ಪ್ರಶಸ್ತಿ ಮೇಡಂಗೆ ಬಂದ ಅಂಜಲ್ ಮೀನು

ಸ್ನೇಹಿತರೇ, ಇವತ್ತು ಮಣಿಪಾಲದಲ್ಲಿ ನಮ್ಮ ಮನಃಶಾಸ್ತ್ರ ವಿಭಾಗದ ಸುಜಾತಾ ಮೇಡಂಗೆ ಉತ್ತಮ ಶಿಕ್ಷಕಿ ಪ್ರಶಸ್ತಿ. ಸಭಾಂಗಣದ ಬಾಗಿಲಲ್ಲಿ ಗಲಾಟೆ ಕೇಳಿ ಮೇಡಂ ಮತ್ತು ನಾನು ಓಡಿದೆವು. ದುಬಾರಿ, ರುಚಿಗೆ ಹೆಸರಾದ ಅಂಜಲ್ ಮೀನು ಹಿಡಿದು ನಿಂತಿದ್ದ ಮಲ್ಪೆಯ ಮೀನುಗಾರರೊಬ್ಬರನ್ನು ವಾಚ್‌ಮನ್ ತಡೆದಿದ್ದರು.

"ಮೀನು ಒಳಗೆ ಬಿಡ್ಲಿಕ್ಕಿಲ್ಲ ಮಾರಾಯ್ರೆ!"

"ಮೇಡಂಗೆ ಕೊಡ್ಲಿಕ್ಕೆ ಉಂಟು. ಮಗಳು ಕಾಲೇಜು ಬಿಟ್ಟು, ಮಾತೂ ಬಿಟ್ಟು ಕೋಣೆಯಲ್ಲಿ ಕೂತಾಗ ವಾರ ವಾರ ಮನೆಗೆ ಬಂದವರು ಇವರೇ. ಇವತ್ತು ಅವಳ ಭಾಷಣ ಉಂಟಂತೆ."

ಮೇಡಂ ಮೀನು ಇಸಿದುಕೊಂಡು ವಾಚ್‌ಮನ್ ಕೈಗಿತ್ತರು. "ಕ್ಯಾಂಟೀನಿನ ಫ್ರಿಜ್ಜಲ್ಲಿಡಿ" ಎಂದು, ಮೀನುಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಗಳು ಮೈಕ್ ಹಿಡಿದು ಮೇಡಂ ಬಗ್ಗೆ ತಡವರಿಸದೆ ಮಾತಾಡಿದಳು. ಅಪ್ಪ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದರು.

ಈಗ ಪ್ರಶಸ್ತಿ ಫಲಕ ವಿಭಾಗದ ಕಪಾಟಿನಲ್ಲಿದೆ. ಸಹೋದ್ಯೋಗಿಗಳೆಲ್ಲ ವಿಚಾರಿಸುತ್ತಿರುವುದು ಮಾತ್ರ ಫ್ರಿಜ್ಜಿನಲ್ಲಿರುವುದನ್ನು.