ತೆಂಗಿನ ನಾರಿನಿಂದ ಎದ್ದ ಘಾಟು

ದೆವ್ವ, ಮಾಟ, ದೃಷ್ಟಿ ಎಂಬ ಮಾತು ಬಂದಾಗ ನಗುವವರ ಪೈಕಿ ನಾನೂ ಒಬ್ಬನಾಗಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಮೊದಲಿನ ಹಾಗೆ ನಗು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದನ್ನು ನಡೆದದ್ದು ನಡೆದ ಹಾಗೆ ಹೇಳಿಬಿಡುತ್ತೇನೆ. ತೀರ್ಮಾನ ನಿಮಗೇ ಬಿಟ್ಟದ್ದು.

ನಮ್ಮದು ಬ್ಯಾಡಗಿ. ಹಳೆಯ ಗೋಣಿಚೀಲ ಕೊಂಡು, ಹರಿದದ್ದನ್ನು ಹೊಲಿಸಿ, ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಮಾರುವುದು ನಮ್ಮ ಮನೆಯ ಕಸುಬು. ನನ್ನನ್ನು ಬೆಳೆಸಿದವಳು ದೊಡ್ಡವ್ವ, ನಮ್ಮಪ್ಪನ ಅಣ್ಣನ ಹೆಂಡತಿ. ಇವತ್ತು ನನ್ನ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಬರುತ್ತಿದ್ದರೆ ಅವು ಆಕೆ ಕಲಿಸಿದವು. ಮನೆಯಲ್ಲಿ ಯಾರು ಮಂಕಾಗಿ ಕುಳಿತರೂ ಆಕೆ ಒಣಮೆಣಸಿನಕಾಯಿ, ಉಪ್ಪು ಹಿಡಿದು ಅವರ ಸುತ್ತ ಇಳಿತೆಗೆದು ಒಲೆಗೆ ಹಾಕುತ್ತಿದ್ದಳು. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ಏನೂ ಆಗಿಲ್ಲ ಎಂದರ್ಥ. ಮೆಣಸಿನಕಾಯಿ ಸುಟ್ಟು ಕರಕಾದರೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಬಿದ್ದಿದೆ ಎಂದರ್ಥ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಘಾಟು ಕಡಿಮೆಯಾದರೆ ಅದು ಕಾಯಿಯ ಗುಣ ಎಂದು ನಾನು ವಾದ ಹೂಡುತ್ತಿದ್ದೆ. "ಹಂಗಾರ ಗುಂಟೂರು ಕಾಯಿ ತಂದ ಕೊಡಲೇ, ಬರೇ ಬಾಯಿ ಬಡೀಬ್ಯಾಡ," ಎನ್ನುತ್ತಿದ್ದಳು ದೊಡ್ಡವ್ವ.

ಎಂಬತ್ತರ ದಶಕದ ಕೊನೆಯ ಮಾತಿದು. ನನಗೆ ಇಬ್ಬರು ಜೀವದ ಗೆಳೆಯರಿದ್ದರು. ಒಬ್ಬ ಖಾದರ್, ರಾಣೆಬೆನ್ನೂರಿನಲ್ಲಿ ಸೈಕಲ್ ಅಂಗಡಿ ಇಟ್ಟವನು. ಇನ್ನೊಬ್ಬ ವಿರುಪಣ್ಣ, ಹಾವೇರಿಯ ಕೋರ್ಟಿನ ಹೊರಗೆ ಮರದ ಕೆಳಗೆ ಕುಳಿತು ಅರ್ಜಿ ಟೈಪ್ ಮಾಡಿಕೊಡುವವನು. ಮೂವರಿಗೂ ಅಡವಿ ಅಲೆಯುವ ಹುಚ್ಚು. ಬಿಡುವಾದಾಗಲೆಲ್ಲ ರಾಣೆಬೆನ್ನೂರಿನಾಚೆಯ ಕುರುಚಲು ಕಾಡಿಗೆ ಹೋಗಿ, ಚಿಗರಿ ಜಿಂಕೆಗಳ ಹಿಂಡು ನೋಡಿ, ಅಲ್ಲೇ ಒಲೆ ಹೂಡಿ ಅಡಿಗೆ ಮಾಡಿ ಉಂಡು ಬರುತ್ತಿದ್ದೆವು. ಅಕ್ಕಿ ಬೇಳೆ ವಿರುಪಣ್ಣನದು, ಪಾತ್ರೆ ಖಾದರನದು, ಬೆಂಕಿ ನನ್ನದು.

ಬೆಂಕಿ ನನ್ನದು ಎಂದರೆ ಬೆಂಕಿಯ ಡಬ್ಬಿ ನನ್ನದು. ಒಂದು ಹಳೆಯ ಬಿಸ್ಕಿಟಿನ ತಗಡಿನ ಡಬ್ಬಿ. ಕಡ್ಡಿಗಳ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ ಆರಿಸಿದರೆ ನೀರು ತಾಗಿದರೂ ಕೆಡುವುದಿಲ್ಲ. ಖಾದರನ ಅಂಗಡಿಯ ಹರಿದ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಇಟ್ಟರೆ ಹಸಿ ಕಟ್ಟಿಗೆಯನ್ನೂ ಹತ್ತಿಸುತ್ತದೆ. ಒಂದಿಷ್ಟು ಕರ್ಪೂರ. ಮೊದಲು ಕಿಡಿ ಹಿಡಿಯಲು ನಾರಿನ ಉಂಡೆಗಳು. ಈ ಉಂಡೆಯ ವಿಷಯದಲ್ಲೇ ನಾನೊಮ್ಮೆ ಎಡವಿದ್ದೆ. ಮನೆಯಲ್ಲಿ ಬಿದ್ದಿದ್ದ ಗೋಣಿಯ ಎಳೆ ಬಿಡಿಸಿ ಉಂಡೆ ಕಟ್ಟಿದ್ದೆ. ವರ್ಷಗಟ್ಟಲೆ ಮೆಣಸಿನಕಾಯಿ ಹೊತ್ತ ಗೋಣಿ ಅದು! ಹಚ್ಚಿದ ಕೂಡಲೇ ಅಂಥ ಘಾಟು ಎದ್ದಿತೆಂದರೆ ಮೂವರೂ ಅನ್ನ ಬಿಟ್ಟು ಓಡಿದ್ದೆವು. "ಚಿಗರಿ ಓಡಿದ್ದು ನಮ್ಮನ್ನ ನೋಡಿ ಅಲ್ಲಪಾ, ನಿನ್ನ ಗೋಣಿ ವಾಸನಿಗೆ," ಎಂದು ವಿರುಪಣ್ಣ ಎಷ್ಟೋ ದಿನ ಕಾಡಿದ. ಅಲ್ಲಿಂದೀಚೆ ನಾನು ಉಂಡೆಗಳನ್ನು ಬ್ಯಾಡಗಿಯಲ್ಲಿ ಕಟ್ಟುವುದನ್ನೇ ಬಿಟ್ಟೆ. ಡಬ್ಬಿ ಕಾಯಂ ಆಗಿ ರಾಣೆಬೆನ್ನೂರಿನಲ್ಲೇ ಇರುತ್ತಿತ್ತು. ಖಾದರನ ಅಂಗಡಿಯಲ್ಲಿ ಕುಳಿತು, ತೆಂಗಿನಕಾಯಿಯ ನಾರು ಹೊಸೆದು, ಅಲ್ಲೇ ತುಂಬಿ ಮುಚ್ಚಳ ಹಾಕುತ್ತಿದ್ದೆ.

ಆ ಸಲ ದೀಪಾವಳಿ ಮುಗಿದಿತ್ತು. ವಿರುಪಣ್ಣ ಟೈಫಾಯ್ಡ್ ಬಂದು ಎದ್ದವನು. ಮೈಯಲ್ಲಿ ಇನ್ನೂ ಶಕ್ತಿ ಕೂಡಿರಲಿಲ್ಲ. ಬೇಡ ಎಂದರೂ ಕೇಳದೆ ಬಂದಿದ್ದ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಎಲ್ಲಿತ್ತೋ ಮೋಡ, ಸುರಿಯತೊಡಗಿತು. ಮರಳುವ ದಾರಿಯ ಹಳ್ಳ ಕೆಂಪಗೆ ತುಂಬಿ ಬಂತು. ದಾಟುವ ಜಾಗ ಹುಡುಕುತ್ತ ಹೋಗುವಾಗ ವಿರುಪಣ್ಣ ಜಾರಿ ನೀರಿಗೆ ಬಿದ್ದು ಕಾಲು ಉಳುಕಿಸಿಕೊಂಡ. ನೀರಿನಿಂದ ಎತ್ತುವಷ್ಟರಲ್ಲಿ ಅವನ ತುಟಿ ಕಪ್ಪಗಾಗಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ಅವನನ್ನು ಹೇಗಾದರೂ ಬೆಚ್ಚಗೆ ಮಾಡದಿದ್ದರೆ ಕೈಬಿಟ್ಟು ಹೋಗುತ್ತಾನೆ ಎಂಬ ಹೆದರಿಕೆ ನಮ್ಮಿಬ್ಬರಿಗೂ ಹುಟ್ಟಿತು.

ಹತ್ತಿರದಲ್ಲಿ ಹಿಂದಿನ ಕಾಲದ ಕಾವಲಿನವರ ಮನೆಯೊಂದಿತ್ತು. ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣು ಮೆತ್ತಿದ ಮಾಳಿಗೆಯ ಸೂರು. ಬಾಗಿಲಿರಲಿಲ್ಲ, ಬರೀ ಚೌಕಟ್ಟು. ಒಳಗೆ ಒಂದು ಮೂಲೆ ಒಣಗಿತ್ತು. ವಿರುಪಣ್ಣನನ್ನು ಅಲ್ಲಿ ಮಲಗಿಸಿ, ಒದ್ದೆ ಅಂಗಿ ಬಿಚ್ಚಿ, ನಾನು ಡಬ್ಬಿ ತೆರೆದೆ. ಡಬ್ಬಿಯೊಳಗೆ ಒಂದು ಹನಿಯೂ ಹೋಗಿರಲಿಲ್ಲ. ನಾರಿನ ಉಂಡೆಯ ಮೇಲೆ ಕರ್ಪೂರ ಇಟ್ಟು ಕಡ್ಡಿ ಗೀರಿದೆ. ಮೊದಲ ಸಲಕ್ಕೇ ಹತ್ತಿತು. ಆಚೀಚೆ ಬಿದ್ದಿದ್ದ ಪುರಲೆ ಕಡ್ಡಿ ಕೂಡಿಸಿದೆ. ಉರಿ ಎದ್ದಿತು. ದೇವರು ದೊಡ್ಡವನು ಅಂದುಕೊಂಡೆ.

ಆಗ ಘಾಟು ಬಂತು.

ನಿಮಗೆ ಹೇಗೆ ಹೇಳಲಿ? ಅದು ಕಟ್ಟಿಗೆಯ ಹೊಗೆಯಲ್ಲ, ರಬ್ಬರಿನ ಹೊಗೆಯೂ ಅಲ್ಲ. ಟ್ಯೂಬಿನ ಪಟ್ಟಿಯನ್ನು ನಾನಿನ್ನೂ ಮುಟ್ಟಿರಲಿಲ್ಲ. ಮೆಣಸಿನಕಾಯಿ ಸುಟ್ಟ ಘಾಟು. ಬ್ಯಾಡಗಿಯಲ್ಲಿ ಹುಟ್ಟಿದವನಿಗೆ ಆ ಗುರುತು ತಪ್ಪುವುದುಂಟೇ? ಗಂಟಲೊಳಗೆ ಕೈ ಹಾಕಿ ತಿರುವಿದಂತಾಯಿತು. ಖಾದರ್ ಬಗ್ಗಿ ಕೆಮ್ಮುತ್ತ, "ಲೇ ಗೋಣಿ ಸಾವಕಾರ, ಮತ್ತ ಅದನ್ನಽ ತಂದೀಯೇನಲೇ?" ಎಂದು ಬೈದ.

"ನಿನ್ನ ಅಂಗಡ್ಯಾಗ ನಿನ್ನ ಮುಂದ ಕುಂತ ಕಟ್ಟೇನೋ," ಎಂದೆ.

ವಿರುಪಣ್ಣ ಮಾತ್ರ ಬೆಂಕಿಯ ಪಕ್ಕದಲ್ಲೇ ಮಲಗಿದ್ದವನು ನಮ್ಮನ್ನು ಹುಚ್ಚರನ್ನು ನೋಡುವಂತೆ ನೋಡುತ್ತಿದ್ದ. ಕೆಮ್ಮಿಲ್ಲ, ಕಣ್ಣಲ್ಲಿ ನೀರಿಲ್ಲ. "ಏನ್ ನಾಟಕ ಹಚ್ಚೀರೋ? ಎಲ್ಲೈತಿ ಘಾಟು? ಕರ್ಪೂರದ ವಾಸನಿ ಬರಾಕತ್ತೈತಿ, ಗುಡ್ಯಾಗ ಮಲಗಿದಂಗ ಆಗೇತಿ ನನಗ," ಎಂದ.

ಹೊರಗೆ ಹೋಗಿ ಉಸಿರೆಳೆದುಕೊಂಡು ಮತ್ತೆ ಒಳಗೆ ಬಂದೆವು. ನಿಲ್ಲಲಾಗಲಿಲ್ಲ. ಮತ್ತೆ ಹೊರಗೆ. ವಿರುಪಣ್ಣನೇ ಉಪಾಯ ಹೇಳಿದ: "ನೀವಿಬ್ರೂ ಹೊರಗ ನಿಂದರ್ರಿ. ಹೊಗಿ ಕಡಿಮಿ ಆದಮ್ಯಾಲ ಬರ್ರಿ. ನಾ ಇಲ್ಲೇ ಆರಾಮ ಅದೇನಿ." ಅವನ ಮಾತು ಸರಿಯಾಗಿಯೇ ಇತ್ತು. ಖಾದರ್ ಒಪ್ಪಿಯೂ ಬಿಟ್ಟ. ಆದರೆ ನನಗೆ ಬೇರೆಯೇ ದಿಗಿಲು. ನಮಗೇ ಹೀಗಾದರೆ ಜ್ವರದಿಂದ ಎದ್ದವನ ಎದೆ ಏನಾಗಬೇಡ? ಮೈ ಮರಗಟ್ಟಿ ಅವನಿಗೆ ಗೊತ್ತಾಗುತ್ತಿಲ್ಲವೇನೋ. ಹೊಗೆಯಲ್ಲೇ ಉಸಿರುಕಟ್ಟಿ ಹೋದರೆ? "ಹಿಡಿ ಕಾಲು," ಎಂದೆ ಖಾದರನಿಗೆ.

ವಿರುಪಣ್ಣ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಥಂಡಿಗೆ ಸಾಯ್ತೇನಿ, ಬಿಡ್ರೋ! ನಿಮ್ಮ ಕೈ ಮುಗೀತೇನಿ ಬಿಡ್ರೋ!" ಎಂದು ಅತ್ತ. ಅವನ ಬೆರಳು ಬಿಡಿಸಿದವನು ನಾನು. ಮಳೆಯಲ್ಲಿ ಎಳೆದು ತಂದು ಒಂದು ಬೇವಿನ ಮರದ ಕೆಳಗೆ ಕೂರಿಸಿ, ಆಚೀಚೆ ನಾವಿಬ್ಬರು ಒತ್ತಿ ಕುಳಿತೆವು. ಅವನು ನಡುಗುತ್ತಲೇ ನನ್ನನ್ನು ಬೈಯುತ್ತಿದ್ದ. ಆ ಬೈಗುಳ ಮುಗಿದಿರಲಿಲ್ಲ, ಮಾಳಿಗೆ ಕುಸಿಯಿತು. ಭಾರೀ ಸದ್ದೇನೂ ಆಗಲಿಲ್ಲ. ಒದ್ದೆ ಮಣ್ಣು ಧೊಪ್ಪನೆ ಕೂತಂತೆ ಒಂದು ಸದ್ದು. ತೊಲೆ, ಮಣ್ಣು, ಕಲ್ಲು ಎಲ್ಲ ಅವನು ಮಲಗಿದ್ದ ಮೂಲೆಯ ಮೇಲೇ ಬಿದ್ದವು.

ನೀರು ಇಳಿದ ಕಡೆ ಹಳ್ಳ ದಾಟಿ, ಅವನನ್ನು ಬೆನ್ನ ಮೇಲೆ ಹೊತ್ತು, ಸರದಿಯಂತೆ ನಡೆದು ರಸ್ತೆಗೆ ಬಂದೆವು. ಒಬ್ಬ ಟ್ರ್ಯಾಕ್ಟರಿನವನು ಕರೆದುಕೊಂಡು ಬಂದು ಖಾದರನ ಮನೆ ಮುಟ್ಟಿಸಿದ. ಖಾದರನ ತಾಯಿ ವಿರುಪಣ್ಣನಿಗೆ ಕೌದಿ ಹೊದಿಸಿ, ಶುಂಠಿ ಕಷಾಯ ಕುಡಿಸಿ, ಮಗನಿಗೂ ನನಗೂ ಸೇರಿಸಿ ಬೈದಳು. ವಿರುಪಣ್ಣನಿಗೆ ಮತ್ತೆ ಜ್ವರ ಏರಿತು. ಅದು ಇಳಿಯುವವರೆಗೆ ನನ್ನ ಜೀವದಲ್ಲಿ ಜೀವ ಇರಲಿಲ್ಲ.

ಅವನು ಎದ್ದು ಕುಳಿತ ಮೇಲೆ ನಾನು ಡಬ್ಬಿ ತೆಗೆದೆ. ಎಳೆದಾಡುವ ಗಡಿಬಿಡಿಯಲ್ಲೂ ಅದು ನನ್ನ ಚೀಲದಲ್ಲೇ ಉಳಿದಿತ್ತು. ಖಾದರನ ಅಂಗಡಿಯ ಮುಂದೆ ಉಳಿದ ಉಂಡೆಗಳನ್ನು ಒಂದೊಂದಾಗಿ ಹಚ್ಚಿದೆವು. ಸುಟ್ಟ ನಾರಿನ ವಾಸನೆ, ಅಷ್ಟೇ. ಘಾಟು ಎಂಬುದರ ಸುಳಿವೇ ಇಲ್ಲ. ಯಾರೋ ದನಗಾಹಿ ಅಲ್ಲಿ ಅಡಿಗೆ ಮಾಡಿ ಮೆಣಸಿನಕಾಯಿ ಚೆಲ್ಲಿ ಹೋಗಿರಬಹುದು ಎಂದ ಖಾದರ್. ಇರಬಹುದು. ಆದರೆ ಕರ್ಪೂರದ ವಾಸನೆ ಹತ್ತಿದ ಮೂಗಿಗೆ ಆ ಘಾಟು ಯಾಕೆ ಹತ್ತಲಿಲ್ಲ?

ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ. ಮಾಳಿಗೆ ಬಿದ್ದದ್ದಕ್ಕೆ ಆಕೆ ಬೆಚ್ಚಲಿಲ್ಲ. "ಅವಗೊಬ್ಬಗ ಘಾಟು ಹತ್ತಲಿಲ್ಲೇನು?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ, "ಅವನ್ನ ಕರಕೊಂಡ ಬಾ," ಎಂದಳು.

ವಿರುಪಣ್ಣ ನಗುತ್ತಲೇ ಬಂದ, ಜೊತೆಗೆ ಖಾದರನೂ. "ಸಾಕ್ಷಿ ಹೇಳಾಕ ಬಂದೇನಿ ದೊಡ್ಡವ್ವ, ಆಣಿ ಮಾಡಸ್ತೀಯೇನು?" ಎಂದ. "ಸುಮ್ನ ಕುಂದ್ರೋ, ಹಲ್ಲ ಕಿಸಿಬ್ಯಾಡ," ಎಂದು ಆಕೆ ಅವನನ್ನು ಒಲೆಯ ಎದುರು ಕೂರಿಸಿ, ಮೆಣಸಿನಕಾಯಿ ಉಪ್ಪು ಇಳಿತೆಗೆದು ಕೆಂಡದ ಮೇಲೆ ಹಾಕಿದಳು. ನಾನೂ ಖಾದರನೂ ಅವನ ಮುಖವನ್ನೇ ನೋಡಿದೆವು. ಘಾಟು ಎದ್ದಿತು. ಮನೆಮಂದಿಯೆಲ್ಲ ಕೆಮ್ಮಿದೆವು. ಎಲ್ಲರಿಗಿಂತ ಹೆಚ್ಚು ಕೆಮ್ಮಿದವನು ವಿರುಪಣ್ಣ. "ಹೋತು ಬಿಡು, ಈಗೇನಿಲ್ಲ," ಎಂದು ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ವಿರುಪಣ್ಣ ಕಣ್ಣು ಒರೆಸಿಕೊಂಡ. ಅವನ ನಗು ಹೋಗಿತ್ತು. ನನ್ನ ಕಡೆ ತಿರುಗಿ, "ಘಾಟು ಅಂದ್ರ ಇದಪಾ," ಎಂದ. "ಅವತ್ತ ಅಲ್ಲಿ ಇದು ಇರಲೇ ಇಲ್ಲ. ಖರೇ ಹೇಳ್ತೇನಿ, ಇರಲೇ ಇಲ್ಲ."

ದೃಷ್ಟಿ ಮಾಳಿಗೆಯ ಜೊತೆ ಹೋಯಿತು ಎಂದು ದೊಡ್ಡವ್ವ ಬದುಕಿರುವವರೆಗೆ ಹೇಳುತ್ತಿದ್ದಳು. ಎಲ್ಲ ಮೇಲಿನವನ ಮೆಹರಬಾನಿ ಎನ್ನುತ್ತಾನೆ ಖಾದರ್. ವಿರುಪಣ್ಣ ಇಂದಿಗೂ ಒಂದೇ ಪಟ್ಟು ಹಿಡಿದಿದ್ದಾನೆ: ಘಾಟು ಇರಲಿಲ್ಲ, ನೀವಿಬ್ಬರೂ ಭ್ರಮೆಪಟ್ಟಿರಿ. ಒಬ್ಬರಿಗೆ ಭ್ರಮೆಯಾಗಬಹುದು; ಇಬ್ಬರ ಗಂಟಲು ಒಟ್ಟಿಗೇ ಸುಳ್ಳು ಹೇಳುತ್ತದೆಯೇ? ನನಗೆ ಬಗೆಹರಿದಿಲ್ಲ.

ಬಹಳ ವರ್ಷಗಳ ಮೇಲೆ, ಹಾವೇರಿಯ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೇ ಕುಳಿತಿದ್ದಾಗ ಅವನು ತಾನಾಗಿಯೇ ಒಂದು ಮಾತು ಹೇಳಿದ. ಅಂಥ ಹಿತವಾದ ಬೆಂಕಿಯನ್ನು ತಾನು ಜೀವಮಾನದಲ್ಲಿ ಮತ್ತೆ ಕಂಡಿಲ್ಲವಂತೆ. ಸೌಮ್ಯವಾಗಿ ಉರಿಯುತ್ತಿತ್ತಂತೆ. ಯಾರೋ ತಲೆ ಸವರಿ ಮಲಗು ಎಂದಂತಾಗಿ, ನಾವು ಬಂದು ಕಾಲು ಹಿಡಿದಾಗ ಅವನಿಗೆ ಕಣ್ಣು ಮುಚ್ಚುತ್ತ ಬಂದಿತ್ತಂತೆ.

ರೈಲು ಬಂತು, ಅವನು ಹತ್ತಿ ಹೋದ. ಅಂದಿನಿಂದ ನನಗೆ ಘಾಟಿಗಿಂತ ಆ ಹಿತವಾದ ಬೆಂಕಿಯ ನೆನಪೇ ಹೆಚ್ಚು ಅಂಜಿಸುತ್ತದೆ. ಅದನ್ನೂ ಹಚ್ಚಿದವನು ನಾನೇ ಅಲ್ಲವೇ?