ಅವನಿಗೆ ಬಾರದ ಭಾಷೆ

ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ ಅಂತ ನರ್ಸಿಂಗ್ ಮುಗಿಸಿದ ಮೇಲೆ ದುರ್ಗಿಗುಡಿಯ ಜಪಾನೀಸ್ ಕ್ಲಾಸಿಗೆ ಸೇರಿದೆ. ಟೈಲರ್ ಅಂಗಡಿಯ ಮೇಲಿನ ಕೋಣೆ, ನಮ್ಮಂಥ ನಾಲ್ಕೈದು ನರ್ಸುಗಳು, ಒಬ್ಬರು ಮೇಡಂ. ಮಾತಾಡುವ ಅಭ್ಯಾಸಕ್ಕೆ ನನ್ನ ಜೋಡಿ ಭದ್ರಾವತಿಯವಳು. ಅವಳ ಗಂಡ ಬೈಕಿನಲ್ಲಿ ಕರೆತಂದು, ಕ್ಲಾಸು ಮುಗಿಯುವವರೆಗೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವಳ ಫೋನೂ ಅವನ ಜೇಬಿನಲ್ಲೇ. ಎಷ್ಟು ಕಾಳಜಿ ಅಂದುಕೊಂಡಿದ್ದೆವು.

ಅವತ್ತು ಸಲಹೆ ಕೊಡುವ ಪಾಠ. ಒಬ್ಬರು ತೊಂದರೆ ಹೇಳಬೇಕು, ಇನ್ನೊಬ್ಬರು 'ಹೋ ಗಾ ಈ' ಅಂತ ಮುಗಿಸಿ ಸಲಹೆ ಕೊಡಬೇಕು. ಹಾಗೆ ಮಾಡಿದರೆ ಒಳ್ಳೆಯದು ಅಂತ ಅರ್ಥ.

"ತಲೆ ನೋಯ್ತಿದೆ," ಅಂದಳು ಜಪಾನೀಸಿನಲ್ಲಿ.

"ಮಾತ್ರೆ ತಗೊಂಡ್ರೆ ಒಳ್ಳೇದು."

"ಗಂಡನ್ನ ಕಂಡ್ರೆ ಭಯ."

ಪುಸ್ತಕದಲ್ಲಿಲ್ಲದ ವಾಕ್ಯ. ಅವಳ ಮುಖದಲ್ಲಿ ಮಾತ್ರ ಪಾಠ ಒಪ್ಪಿಸುವ ನಗು ಹಾಗೇ ಇತ್ತು.

"ತಮಾಷೆನಾ ಮಾರಾಯ್ತಿ?" ಅಂದೆ ಕನ್ನಡದಲ್ಲಿ. ಮೇಜಿನಡಿ ಅವಳು ನನ್ನ ಪಾದವನ್ನು ತನ್ನ ಕಾಲಿನಿಂದ ಒತ್ತಿದಳು.

"ನಿನ್ನೆ ಕುತ್ತಿಗೆ ಹಿಸುಕಿದ," ಅಂದಳು ಮತ್ತೆ ಜಪಾನೀಸಿನಲ್ಲಿ, ತಡವರಿಸುತ್ತ. "ಇವತ್ತು ಗಾಜನೂರಿಗೆ ಹೋಗೋಣ ಅಂತಾನೆ. ನೀರು ನೋಡಕ್ಕೆ."

ಅಣೆಕಟ್ಟಿರುವ ಆ ಊರಿನ ಹೆಸರೊಂದು ಮಾತ್ರ ಅವನಿಗೆ ತಿಳಿಯಿತು. ತಲೆ ಎತ್ತಿದ. "ಏನದು ಗಾಜನೂರು?"

"ಪ್ರವಾಸದ ಬಗ್ಗೆ ಹೇಳ್ತಿದಾರೆ, ಪಾಠ ಅದೇ," ಅಂದರು ಮೇಡಂ, ಬೋರ್ಡು ಒರೆಸುತ್ತಲೇ. ಅವರೂ ಕೇಳಿಸಿಕೊಂಡಿದ್ದರು.

ನಾನು ಅವಳ ಕಡೆ ತಿರುಗಿ, "ಕಾಎರಾನಾಯ್ ಹೋ ಗಾ ಈ," ಅಂದೆ. ಮನೆಗೆ ಹೋಗದಿದ್ದರೆ ಒಳ್ಳೆಯದು.

ಮೇಡಂ ಅಂಕಿಗಳ ಪಾಠ ಅಂತ ಶುರುಮಾಡಿ, ಯಾರಿಗೆ ಫೋನ್ ಮಾಡಲಿ ಅಂತ ಜಪಾನೀಸಿನಲ್ಲೇ ಅವಳನ್ನು ಕೇಳಿದರು. ಅವಳು ಹೊಳೆಹೊನ್ನೂರಿನಲ್ಲಿರುವ ಅಣ್ಣನ ಫೋನ್ ನಂಬರನ್ನು ಜಪಾನೀಸಿನಲ್ಲಿ ಒಂದೊಂದೇ ಅಂಕಿಯಾಗಿ ಹೇಳಿದಳು. "ಇವತ್ತು ಟೆಸ್ಟ್ ಇದೆ, ತಡ ಆಗತ್ತೆ," ಅಂತ ಅವನಿಗೆ ಹೇಳಿ ಮೇಡಂ ಫೋನ್ ಹಿಡಿದು ಒಳಕೋಣೆಗೆ ಹೋದರು. ನಾವು ಖಾಲಿ ಹಾಳೆಯ ಮೇಲೆ ಏನೇನೋ ಗೀಚುತ್ತ ಕೂತೆವು. ಅವನು ಬಾಗಿಲಲ್ಲೇ ಅತ್ತಿತ್ತ ಓಡಾಡತೊಡಗಿದ.

ಅಣ್ಣ ಇಬ್ಬರು ಪೊಲೀಸರ ಜೊತೆ ಬಂದ. ಅವಳು ಎದ್ದು, ಗಂಡನತ್ತ ನೋಡದೆ ಅಣ್ಣನ ಕೈ ಹಿಡಿದು ಮೆಟ್ಟಿಲಿಳಿದಳು. ಅವನು ಕೂಗಾಡಲಿಲ್ಲ. ನನ್ನನ್ನು ನೋಡಿ, "ಏನು ಹೇಳಿಕೊಟ್ರಿ ಅವಳಿಗೆ?" ಅಂದ, ಅಷ್ಟೇ.

ಮುಂದಿನ ವಾರ ಅವನೊಬ್ಬನೇ ಬಂದ. "ನನಗೂ ಕಲಿಸಿ ಮೇಡಂ," ಅಂದ, ತುಂಬಾ ವಿನಯವಾಗಿ. ಸೀಟಿಲ್ಲ ಅಂದರು.

ಅವಳೀಗ ಅಣ್ಣನ ಮನೆಯಿಂದಲೇ ಫೋನಿನಲ್ಲಿ ಪಾಠ ಕೇಳುತ್ತಾಳೆ. ಕೇಸು ನಡೆಯುತ್ತಿದೆ. ಒಂದೊಂದು ಸಂಜೆ ಕ್ಲಾಸು ಬಿಟ್ಟಾಗ ಎದುರಿನ ಟೀ ಅಂಗಡಿಯ ಹತ್ತಿರ ಆ ಬೈಕು ನಿಂತಿರುತ್ತದೆ. ಆಗ ನಾವೆಲ್ಲ ಒಟ್ಟಿಗೇ ಇಳಿಯುತ್ತೇವೆ.